ಖ್ಯಾತಿ ಮತ್ತು ವಿಶ್ವಾಸ: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಸಾರ್ವಜನಿಕ ಸಂಸ್ಥೆಗಳು ಮತ್ತು ಪತ್ರಿಕೆ

ಸಾರ್ವಜನಿಕ ಸಂಪರ್ಕ ಎಂಬ ಶಾಸ್ತ್ರವನ್ನು ನಮ್ಮಲ್ಲಿ ಬಹುಮಟ್ಟಿಗೆ ಮಹಾನಗರದ ಉದ್ದಿಮೆಗಳ ವಿಷಯವೆಂದು ಭಾವಿಸಲಾಗಿದೆ. ಪತ್ರಿಕೋದ್ಯಮ ವಿಭಾಗಗಳ ಪಠ್ಯಗಳಲ್ಲಿ ಬರುವ ಉದಾಹರಣೆಗಳೂ ಹಾಗೆಯೇ ಇರುತ್ತವೆ: ಒಂದು ಕಂಪನಿ, ಅದರ ಒಂದು ಸಂಕಟ, ಒಂದು ಪತ್ರಿಕಾಗೋಷ್ಠಿ, ಕೊನೆಗೆ ಒಂದು ಚೇತರಿಕೆ. ಆದರೆ ಕರ್ನಾಟಕದ ಗ್ರಾಮೀಣ ಪ್ರದೇಶದಲ್ಲಿ ಜನಜೀವನವನ್ನು ನೇರವಾಗಿ ಮುಟ್ಟುವ ಸಂಸ್ಥೆಗಳು ಸರ್ಕಾರಿ ಇಲಾಖೆಗಳು, ನಿಗಮಗಳು ಮತ್ತು ಸಾರ್ವಜನಿಕ ಉದ್ದಿಮೆಗಳೇ ಆಗಿವೆ. ಇವುಗಳ ಹೆಸರು ಪತ್ರಿಕೆಗಳಲ್ಲಿ ಹೇಗೆ ರೂಪುಗೊಳ್ಳುತ್ತದೆ, ಆ ಹೆಸರಿಗೂ ಅಕ್ಕಪಕ್ಕದ ಹಳ್ಳಿಗಳು ಆ ಸಂಸ್ಥೆಯ ಮೇಲೆ ಇಟ್ಟಿರುವ ನಂಬಿಕೆಗೂ ಇರುವ ಸಂಬಂಧವೇನು ಎಂಬ ಪ್ರಶ್ನೆ ಹೆಚ್ಚಾಗಿ ಚರ್ಚೆಗೆ ಬಂದಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಬಯಲು ಹಾಗೂ ಅರೆಮಲೆನಾಡಿನ ಭಾಗವಾದ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯನ್ನು ಆಧಾರವಾಗಿಟ್ಟುಕೊಂಡು ಆ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲಾಗಿದೆ. ಖ್ಯಾತಿಯನ್ನು ದೂರದಲ್ಲಿರುವವರು ಬರೆಯುತ್ತಾರೆ. ವಿಶ್ವಾಸವನ್ನು ಪಕ್ಕದಲ್ಲಿರುವವರು ಕೊಡುತ್ತಾರೆ. ಮೊದಲನೆಯದು ಎರಡನೆಯದರ ಸ್ಥಾನವನ್ನು ತುಂಬಲಾರದು ಎಂಬುದೇ ಈ ಲೇಖನದ ವಾದ.

ಶಾಸ್ತ್ರದ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬಹುದು. ಅಮೆರಿಕದಲ್ಲಿ 1906ರ ಕಲ್ಲಿದ್ದಲು ಗಣಿ ಮುಷ್ಕರದ ಸಂದರ್ಭದಲ್ಲಿ ಗಣಿ ಮಾಲೀಕರ ಪರವಾಗಿ ನಿಯುಕ್ತನಾದ ಐವಿ ಲೀ ಎಂಬ ಮಾಜಿ ವರದಿಗಾರನು ಸಂಪಾದಕರಿಗೆ ಒಂದು ತತ್ತ್ವಘೋಷಣೆಯನ್ನು ಕಳುಹಿಸಿದ. ನಮ್ಮದು ಗುಟ್ಟಿನ ಕೆಲಸವಲ್ಲ, ಸುದ್ದಿಯನ್ನು ಬಹಿರಂಗವಾಗಿ, ನಿಖರವಾಗಿ ಒದಗಿಸುತ್ತೇವೆ, ಪರಿಶೀಲಿಸಲು ನೆರವಾಗುತ್ತೇವೆ ಎಂಬುದು ಅದರ ಸಾರ. ಅದೇ ಲೀ 1914ರಲ್ಲಿ ಕೊಲರಾಡೋದ ಲಡ್ಲೋ ಹತ್ಯಾಕಾಂಡದ ನಂತರ ಗಣಿ ಕಂಪನಿಯ ಪರವಾಗಿ ಹೊರಡಿಸಿದ ಪ್ರಕಟಣೆಗಳಲ್ಲಿ ತಪ್ಪು ಅಂಕಿಅಂಶಗಳಿದ್ದುದು ಬಯಲಾಗಿ ಟೀಕೆಗೆ ಗುರಿಯಾದ. ಶಾಸ್ತ್ರದ ಹುಟ್ಟಿನಲ್ಲಿಯೇ ಅದರ ಆದರ್ಶವೂ ಅದರ ದೋಷವೂ ಒಬ್ಬನೇ ವ್ಯಕ್ತಿಯಲ್ಲಿ ಕಾಣಿಸಿಕೊಂಡದ್ದು ಗಮನಾರ್ಹ. ಭಾರತದಲ್ಲಿ ಟಾಟಾ ಸಂಸ್ಥೆಯು 1943ರಲ್ಲಿ ಮುಂಬಯಿಯಲ್ಲಿ ಪ್ರತ್ಯೇಕ ಸಾರ್ವಜನಿಕ ಸಂಪರ್ಕ ವಿಭಾಗವನ್ನು ತೆರೆಯಿತು. 1958ರಲ್ಲಿ ಈ ವೃತ್ತಿಯವರ ಅಖಿಲ ಭಾರತ ಸಂಘಟನೆ ರೂಪುಗೊಂಡಿತು. ನಮ್ಮ ರಾಜ್ಯದಲ್ಲಿ ಬಹುಕಾಲ 'ವಾರ್ತಾ ಮತ್ತು ಪ್ರಚಾರ ಇಲಾಖೆ' ಎಂದು ಕರೆಸಿಕೊಂಡ ಇಲಾಖೆ ಇಂದು 'ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ'ಯಾಗಿದೆ. ಪ್ರಚಾರ ಏಕಮುಖವಾದುದು, ಸಂಪರ್ಕ ಉಭಯಮುಖವಾದುದು. ಫಲಕದಲ್ಲಿ ಆದ ಈ ಬದಲಾವಣೆ ತಾಲ್ಲೂಕಿನವರೆಗೆ ಎಷ್ಟರಮಟ್ಟಿಗೆ ಇಳಿದಿದೆ ಎಂಬುದನ್ನು ಮುಂದಿನ ಪ್ರಸಂಗಗಳು ತೋರಿಸಬಲ್ಲವು.

ಈ ಸೀಮೆಯ ಅತ್ಯಂತ ಹಳೆಯ, ಅತ್ಯಂತ ಖ್ಯಾತಿವೆತ್ತ ಸಂಸ್ಥೆಯೆಂದರೆ ಅಜ್ಜಂಪುರದ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎಂಬ ಹೆಸರಿನಲ್ಲಿ ವ್ಯವಸ್ಥಿತವಾದ ಈ ಗೋಸಂಪತ್ತು ಹೈದರಾಲಿಯ ಕಾಲದಲ್ಲಿ ಸೇನೆಯ ಬೆನ್ನೆಲುಬಾಯಿತು. ಟಿಪ್ಪು ಸುಲ್ತಾನನು ಇದಕ್ಕೆ 'ಅಮೃತ್ ಮಹಲ್' ಎಂದು ಹೆಸರಿಟ್ಟು, ಆಡಳಿತಕ್ಕಾಗಿ ಹುಕುಂನಾಮೆಯನ್ನು ಹೊರಡಿಸಿದ. ಹೆಸರಿನಲ್ಲಿ ಹಾಲು, ಬೆಣ್ಣೆ, ಅಮೃತಗಳಿದ್ದರೂ ತಳಿ ಹಾಲಿಗೆ ಹೆಸರಾದುದಲ್ಲ; ಫಿರಂಗಿ ಎಳೆಯುವ, ಸರಂಜಾಮು ಸಾಗಿಸುವ ಎತ್ತುಗಳಿಗೆ ಹೆಸರಾದುದು. ಹೈದರನು ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿನಗಳಲ್ಲಿ 100 ಮೈಲಿ ಸಾಗಿದ್ದು, ಟಿಪ್ಪು ಬಿದನೂರನ್ನು ಮರಳಿ ಪಡೆಯಲು ಒಂದು ತಿಂಗಳಲ್ಲಿ ಪರ್ಯಾಯದ್ವೀಪವನ್ನು ದಾಟಿದ್ದು ಈ ಎತ್ತುಗಳ ಬಲದಿಂದ ಎಂಬ ವಿವರಗಳು ಮೈಸೂರಿನ ಗೆಜೆಟಿಯರುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಶ್ರೀರಂಗಪಟ್ಟಣದ ಪತನಾನಂತರ ಮೈಸೂರಿನಲ್ಲಿ ಸೇನಾಧಿಪತ್ಯ ವಹಿಸಿದ್ದ ಆರ್ಥರ್ ವೆಲ್ಲೆಸ್ಲಿ, ಮುಂದೆ ಸ್ಪೇನಿನ ಯುದ್ಧಗಳಲ್ಲಿ ಇಂಥ ಎತ್ತುಗಳು ತನ್ನ ಬಳಿ ಇಲ್ಲವೆಂದು ಹಲಬಿದನೆಂದೂ ಅವು ಹೇಳುತ್ತವೆ.

ಸಾರ್ವಜನಿಕ ಸಂಪರ್ಕದ ದೃಷ್ಟಿಯಿಂದ ನೋಡಿದರೆ ಇಲ್ಲಿ ಒಂದು ವಿಶೇಷವಿದೆ. ಈ ಖ್ಯಾತಿಯನ್ನು ಕಟ್ಟಿದವರು ದನ ಮೇಯಿಸಿದ ಕಾವಲುಗಾರರಲ್ಲ, ಸಂಸ್ಥೆಯ ಸಿಬ್ಬಂದಿಯೂ ಅಲ್ಲ. ಅವುಗಳಿಂದ ಸೋಲನ್ನನುಭವಿಸಿ ಅನಂತರ ಅವುಗಳ ಒಡೆತನ ಪಡೆದ ಸೇನಾಧಿಕಾರಿಗಳು. ಶತ್ರುವಿನ ಪ್ರಶಂಸೆಗಿಂತ ದೊಡ್ಡ ಪ್ರಮಾಣಪತ್ರ ಇನ್ನಾವುದಿದೆ? ಅದು ಪ್ರಯೋಜನಕ್ಕೂ ಬಂದಿತು. 1799ರ ನಂತರ ಮೈಸೂರು ಸಂಸ್ಥಾನದ ವಶದಲ್ಲಿ ಹಿಂಡು ಕ್ಷೀಣಿಸಿದಾಗ 1813ರಲ್ಲಿ ಮದರಾಸು ಸೇನೆಯ ಕ್ಯಾಪ್ಟನ್ ಹಾರ್ವೆಯನ್ನು ಉಸ್ತುವಾರಿಗೆ ನೇಮಿಸಲಾಯಿತು. 1860ರಲ್ಲಿ ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲಿಯನ್ ಮಿತವ್ಯಯದ ನೆಪದಲ್ಲಿ ಇಲಾಖೆಯನ್ನೇ ಮುಚ್ಚಿ ಹಿಂಡನ್ನು ಮಾರಿದಾಗ, ಸೇನೆಗೆ ಬೇಕಾದ ಎತ್ತುಗಳು ದೊರೆಯದೆ 1866ರಲ್ಲಿ ಅದನ್ನು ಪುನಃ ಸ್ಥಾಪಿಸಬೇಕಾಯಿತು. 1882ರಲ್ಲಿ ಇಲಾಖೆ ಮೈಸೂರು ಸರ್ಕಾರಕ್ಕೆ ಬಂದಿತು; 1923ರಲ್ಲಿ ಸೇನಾ ಇಲಾಖೆಯಿಂದ ಕೃಷಿ ಇಲಾಖೆಗೆ ವರ್ಗವಾಯಿತು. ಈ ಕೊನೆಯ ವರ್ಗಾವಣೆಯೊಂದಿಗೆ ಸಂಸ್ಥೆಯ ಓದುಗವರ್ಗವೇ ಬದಲಾಯಿತು. ಅದುವರೆಗೆ ಅದರ ಬಗೆಗೆ ಬರೆಯುತ್ತಿದ್ದವರೂ ಓದುತ್ತಿದ್ದವರೂ ದಂಡಿನ ಜನ. ಮೋಟಾರು ವಾಹನ ಬಂದು ಫಿರಂಗಿಗೆ ಎತ್ತು ಬೇಡವಾದ ಮೇಲೆ, ಈ ಸಂಸ್ಥೆ ಏಕೆ ಇರಬೇಕು ಎಂಬುದನ್ನು ರೈತರಿಗೆ, ಶಾಸಕರಿಗೆ, ಪತ್ರಿಕೆಗಳಿಗೆ ಹೊಸದಾಗಿ ಹೇಳಬೇಕಾಗಿತ್ತು. ಹಾಗೆ ಹೇಳುವ ಬದಲು ಹಳೆಯ ಶೌರ್ಯಕಥೆಯನ್ನೇ ಪುನರುಚ್ಚರಿಸುವುದು ರೂಢಿಯಾಯಿತು. ಇಂದಿಗೂ ಅಮೃತ್ ಮಹಲ್ ಕುರಿತು ಬರುವ ವಿಶೇಷ ಲೇಖನಗಳಲ್ಲಿ ಬಹುಪಾಲು ಹೈದರನ ನಡಿಗೆಯಿಂದಲೇ ಆರಂಭವಾಗುತ್ತವೆ.

ಇದರ ಬೆಲೆಯನ್ನು ತೆತ್ತದ್ದು ಭೂಮಿ. ಅಮೃತ್ ಮಹಲ್ ಹಿಂಡುಗಳ ಮೇವಿಗಾಗಿ ಮೈಸೂರು ಸೀಮೆಯ ಅನೇಕ ಕಡೆ ಕಾವಲುಗಳನ್ನು ಮೀಸಲಿಡಲಾಗಿತ್ತು. ಒಂದು ಕಾಲಕ್ಕೆ ಇವುಗಳ ವಿಸ್ತೀರ್ಣ ನಾಲ್ಕು ಲಕ್ಷ ಎಕರೆಯನ್ನು ಮೀರಿತ್ತು. ಇಂದು ಸಂಸ್ಥೆಯ ವಶದಲ್ಲಿ ಉಳಿದಿರುವುದು ಅದರ ಸಣ್ಣದೊಂದು ಭಾಗ ಮಾತ್ರ. ಸಾಗುವಳಿಗೆ ಹಂಚಿಕೆ, ಒತ್ತುವರಿ, ನೆಡುತೋಪು, ಬೇರೆ ಬೇರೆ ಇಲಾಖೆಗಳಿಗೆ ವರ್ಗಾವಣೆ ಹೀಗೆ ಕಾರಣಗಳು ಹಲವು. ಅವುಗಳಲ್ಲಿ ಕೆಲವು ನ್ಯಾಯವಾದವೂ ಹೌದು, ಭೂಹೀನನಿಗೆ ಭೂಮಿ ಬೇಕು. ಆದರೆ ಈ ಎಲ್ಲ ಕ್ರಮಗಳ ಹಿಂದೆ ಒಂದು ಶಬ್ದ ಕೆಲಸ ಮಾಡಿರುವುದನ್ನು ಕಾಣಬಹುದು: 'ಬಂಜರು'. ಬೇಸಿಗೆಯಲ್ಲಿ ಕಡೂರು–ಬೀರೂರು ಮಾರ್ಗದಲ್ಲಿ ಹೋಗುವವನಿಗೆ ಕಾವಲು ಒಣಹುಲ್ಲಿನ ಬಯಲಾಗಿ, ಅಲ್ಲಲ್ಲಿ ಜಾಲಿಯ ಪೊದೆಯಾಗಿ ಕಾಣುತ್ತದೆ. ಮರವಿಲ್ಲದ್ದು ಅರಣ್ಯವಲ್ಲ, ಪೈರಿಲ್ಲದ್ದು ಹೊಲವಲ್ಲ. ಆದ್ದರಿಂದ ಅದು ಪಾಳು ಎಂಬ ತೀರ್ಮಾನಕ್ಕೆ ವರದಿಗಾರನೂ ಅಧಿಕಾರಿಯೂ ಸುಲಭವಾಗಿ ಬರುತ್ತಾರೆ. ಹುಲ್ಲುಗಾವಲು ತನ್ನಷ್ಟಕ್ಕೆ ಒಂದು ಜೀವಿವ್ಯವಸ್ಥೆ. ಸುತ್ತಲಿನ ಹಳ್ಳಿಗಳ ಕುರಿ, ದನಗಳ ಆಸರೆಯೂ ಅದೇ. ಕೃಷ್ಣಮೃಗಗಳ ನೆಲೆಯೂ ಅದೇ. ಈ ಮಾತನ್ನು ಹೇಳಬೇಕಾಗಿದ್ದದ್ದು ಸಂಸ್ಥೆ. ಅದು ಹೇಳದಿದ್ದಾಗ ಪತ್ರಿಕೆಯಲ್ಲಿ ಕಂದಾಯ ದಾಖಲೆಯ ಭಾಷೆಯೇ ನಿಂತಿತು.

ಚಳ್ಳಕೆರೆಯ ಪ್ರಸಂಗ ಇದರ ಅತಿ ಸ್ಪಷ್ಟ ನಿದರ್ಶನ. ಚಿತ್ರದುರ್ಗ ಜಿಲ್ಲೆಗೆ ಸೇರಿದ್ದರೂ ಅಲ್ಲಿನ ಕಾವಲುಗಳ ಮೂಲ ಅಮೃತ್ ಮಹಲ್ ವ್ಯವಸ್ಥೆಯೇ. 2010ರ ಆಸುಪಾಸಿನಲ್ಲಿ ಚಳ್ಳಕೆರೆ ತಾಲ್ಲೂಕಿನ ವರವು ಕಾವಲು, ಉಳ್ಳಾರ್ತಿ ಕಾವಲು ಮತ್ತು ಖುದಾಪುರ ಭಾಗದಲ್ಲಿ ಸುಮಾರು 10,000 ಎಕರೆ ಭೂಮಿಯನ್ನು ರಕ್ಷಣಾ ಸಂಶೋಧನಾ ಸಂಸ್ಥೆ, ಭಾಭಾ ಪರಮಾಣು ಸಂಶೋಧನಾ ಕೇಂದ್ರ, ಇಸ್ರೋ ಮೊದಲಾದವುಗಳಿಗೆ ನೀಡಲಾಯಿತು; ಭಾರತೀಯ ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ. ಪತ್ರಿಕೆಗಳಲ್ಲಿ ಇದು 'ವಿಜ್ಞಾನ ನಗರಿ'ಯಾಗಿ ಬಂದಿತು. ಈ ಸಂಸ್ಥೆಗಳ ಖ್ಯಾತಿ ದೇಶವ್ಯಾಪಿಯಾದುದು, ಬಹುಪಾಲು ಅರ್ಹವಾದುದು. ಆದರೆ ಕುರಿಗಾಹಿಗಳಿಗೆ ಮತ್ತು ಕಂಬಳಿ ನೇಯ್ಗೆಯನ್ನು ನಂಬಿದವರಿಗೆ ಆ ಖ್ಯಾತಿ ಕಾಣಿಸಿಕೊಂಡದ್ದು ಮೈಲುಗಟ್ಟಲೆ ಎದ್ದ ಗೋಡೆಯ ರೂಪದಲ್ಲಿ. ತಮ್ಮನ್ನು ಯಾರೂ ಕೇಳಲಿಲ್ಲ ಎಂಬ ಅವರ ದೂರು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಚೆನ್ನೈ ಪೀಠದವರೆಗೆ ಹೋಗಿ, 2013ರಲ್ಲಿ ಸತ್ಯಶೋಧನಾ ಸಮಿತಿಯ ನೇಮಕಕ್ಕೆ ಕಾರಣವಾಯಿತು. 2014ರಲ್ಲಿ ಅಂತಿಮ ಆದೇಶ ಹೊರಬಂದಿತು. ಇಡೀ ವಿವಾದದಲ್ಲಿ ಕಾವಲಿನ ಪರವಾಗಿ ಮಾತನಾಡಿದವರು ಗ್ರಾಮಸ್ಥರು, ಪರಿಸರ ಸಂಘಟನೆಗಳು, ಕೆಲವು ಸಂಶೋಧಕರು. ಕಾವಲು ಯಾರ ಹೆಸರಿನಲ್ಲಿದೆಯೋ ಆ ಹಳೆಯ ಸಂಸ್ಥೆಯ ಧ್ವನಿ ಪತ್ರಿಕೆಗಳ ಪುಟಗಳಲ್ಲಿ ಅಷ್ಟಾಗಿ ಕೇಳಿಸಲಿಲ್ಲ.

ಇದಕ್ಕೆ ವಿರುದ್ಧವಾದ ಚಿಕ್ಕ ನಿದರ್ಶನವೊಂದು ಕಡೂರು ತಾಲ್ಲೂಕಿನಲ್ಲಿಯೇ ಇದೆ. ಬಾಸೂರು ಅಮೃತ್ ಮಹಲ್ ಕಾವಲನ್ನು 2011ರಲ್ಲಿ ಕೃಷ್ಣಮೃಗಗಳ ಸಲುವಾಗಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ವಿಸ್ತೀರ್ಣದಲ್ಲಿ ಅದು ದೊಡ್ಡದಲ್ಲ. ಆದರೆ ಹೆಸರು ಬದಲಾದೊಡನೆ ಅದರ ಬಗೆಗಿನ ಸುದ್ದಿಯ ಸ್ವರೂಪವೂ ಬದಲಾಯಿತು. ನಿನ್ನೆಯವರೆಗೆ ಪಾಳಾಗಿದ್ದ ನೆಲ ಇಂದು ಆವಾಸವಾಯಿತು. ಇನ್ನು ಅಜ್ಜಂಪುರ ಮತ್ತು ಬೀರೂರಿನಲ್ಲಿ ನಡೆಯುವ ಹೋರಿಕರುಗಳ ಹರಾಜು ಪ್ರತಿ ಬಾರಿಯೂ ಸುದ್ದಿಯಾಗುತ್ತದೆ. ದೂರದ ಜಿಲ್ಲೆಗಳಿಂದ ರೈತರು ಬರುತ್ತಾರೆ. ಅತಿ ಹೆಚ್ಚು ಬೆಲೆಗೆ ಹೋದ ಜೋಡಿಯ ಚಿತ್ರ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ವರ್ಷದಲ್ಲಿ ಒಮ್ಮೆ ವರದಿಗಾರರೇ ತಾವಾಗಿ ಸಂಸ್ಥೆಯ ಬಾಗಿಲಿಗೆ ಬರುವ ದಿನ ಅದು. ಹಿಂಡಿನ ಸಂಖ್ಯೆ ಎಷ್ಟಿದೆ, ಕಾವಲು ಎಷ್ಟು ಉಳಿದಿದೆ, ಅದರಲ್ಲಿ ಎಷ್ಟು ಸರ್ವೆಯಾಗಿದೆ ಎಂಬ ಒಂದು ಪುಟದ ಟಿಪ್ಪಣಿಯನ್ನು ಅಂದು ಅವರ ಕೈಗೆ ಕೊಟ್ಟರೆ ವೆಚ್ಚವೇನೂ ಇಲ್ಲ.

ಮೌನದ ಪರಿಣಾಮ ಇದಾದರೆ, ಬಹಳ ಮಾತನಾಡಿದ ಸಂಸ್ಥೆಯ ಕಥೆ ಭದ್ರಾ ನದಿಯ ಮೇಲ್ಭಾಗದಲ್ಲಿದೆ. 1976ರಲ್ಲಿ ಸ್ಥಾಪಿತವಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿಯು ಕೇಂದ್ರ ಸರ್ಕಾರದ ಉದ್ದಿಮೆ. ಗಣಿ ಇದ್ದದ್ದು ಮೂಡಿಗೆರೆ ತಾಲ್ಲೂಕಿನಲ್ಲಿ. ಆದರೆ ಆ ನೀರು ಬಂದು ನಿಲ್ಲುವುದು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ. 1999ರಲ್ಲಿ ಗಣಿ ಗುತ್ತಿಗೆಯ ಅವಧಿ ಮುಗಿದಾಗ ನವೀಕರಣದ ಪ್ರಶ್ನೆ ಎದ್ದಿತು. ಕಂಪನಿಯು ತಾನು ನೆಟ್ಟ ಲಕ್ಷಾಂತರ ಗಿಡಗಳನ್ನು, ಒದಗಿಸಿದ ಉದ್ಯೋಗವನ್ನು, ಗಳಿಸಿದ ವಿದೇಶಿ ವಿನಿಮಯವನ್ನು ಮುಂದಿಟ್ಟಿತು. ಇವು ಸುಳ್ಳಾಗಿರಲಿಲ್ಲ. ಆದರೆ ಎದುರು ಪಕ್ಷ ಕೇಳುತ್ತಿದ್ದ ಪ್ರಶ್ನೆಗೆ ಅವು ಉತ್ತರವೂ ಆಗಿರಲಿಲ್ಲ. ಮಳೆಗಾಲದಲ್ಲಿ ನದಿ ಏಕೆ ಕೆಂಪಗೆ ಹರಿಯುತ್ತದೆ, ಎಷ್ಟು ಹೂಳು ಜಲಾಶಯಕ್ಕೆ ಬರುತ್ತದೆ ಎಂಬುದು ಆ ಪ್ರಶ್ನೆ. ತುಂಗಾ ಮೂಲ ಉಳಿಸಿ ಹೋರಾಟದಂಥ ಚಳವಳಿಗಳು ಮಲೆನಾಡಿನ ಕಾಡಿನ ವಿಷಯವನ್ನು ಬಯಲಿನ ರೈತನ ನೀರಿನ ವಿಷಯವನ್ನಾಗಿ ಮಾಡಿದವು. 2002ರ ಅಕ್ಟೋಬರ್ 30ರಂದು ಸರ್ವೋಚ್ಚ ನ್ಯಾಯಾಲಯವು, ಕೆ.ಎಂ. ಚಿಣ್ಣಪ್ಪ ಪ್ರಕರಣವೆಂದು ಹೆಸರಾದ ಮೊಕದ್ದಮೆಯಲ್ಲಿ, 2005ರ ಅಂತ್ಯದೊಳಗೆ ಗಣಿಗಾರಿಕೆ ನಿಲ್ಲಬೇಕೆಂದು ಆದೇಶಿಸಿತು. ಆ ವರ್ಷದ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಗಿಡಗಳ ಎಣಿಕೆಯಿಂದ ಹೂಳಿನ ಎಣಿಕೆಗೆ ಉತ್ತರ ಕೊಡಲಾಗದು ಎಂಬುದನ್ನು ಕಂಪನಿಯ ಪ್ರಚಾರ ವಿಭಾಗ ಮೊದಲೇ ಗ್ರಹಿಸಬಹುದಾಗಿತ್ತೆಂದು ತೋರುತ್ತದೆ.

ಅದೇ ಭದ್ರೆಯ ದಡದಲ್ಲಿ, ಅದೇ ವರ್ಷಗಳಲ್ಲಿ, ಅರಣ್ಯ ಇಲಾಖೆಗೆ ಬೇರೊಂದು ಬಗೆಯ ಹೆಸರು ಬಂದಿತು. ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಅದರೊಳಗಿನ ಹಳ್ಳಿಗಳನ್ನು ಹೊರತರುವ ಮಾತು ದಶಕಗಳಿಂದ ನಡೆದಿದ್ದರೂ ಕಾರ್ಯರೂಪಕ್ಕೆ ಬಂದದ್ದು 2001–02ರಲ್ಲಿ; ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ಮತ್ತು ಕೆಳಗೂರಿನಲ್ಲಿ ಜಮೀನು, ನಿವೇಶನ ಕೊಟ್ಟು ಕುಟುಂಬಗಳಿಗೆ ಪುನರ್ವಸತಿ ಕಲ್ಪಿಸಲಾಯಿತು. ಭಾರತದಲ್ಲಿ ಕಾಡಿನಿಂದ ಜನರನ್ನು ಸ್ಥಳಾಂತರಿಸಿದ ಪ್ರಕರಣಗಳಲ್ಲಿ ಬಹುಪಾಲು ಕಹಿಯಾದವು. ಭದ್ರಾ ಅಪವಾದವೆಂದು ಹೆಸರಾದುದಕ್ಕೆ ಇಲಾಖೆಯ ಪ್ರಕಟಣೆಗಳು ಕಾರಣವಲ್ಲ. ಸಂಶೋಧಕಿ ಕೃತಿ ಕಾರಂತ ಅವರು 11 ಹಳ್ಳಿಗಳ 419 ಕುಟುಂಬಗಳ ಈ ಸ್ಥಳಾಂತರವನ್ನು, ಕೆಲವು ವರ್ಷಗಳ ಅಂತರದಲ್ಲಿ ಎರಡು ಬಾರಿ ಜನರನ್ನು ಮಾತನಾಡಿಸಿ ಅಧ್ಯಯನ ಮಾಡಿ, 2007ರಲ್ಲಿ ಅಂತಾರಾಷ್ಟ್ರೀಯ ವಿದ್ವತ್ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಎಲ್ಲವೂ ಸುಸೂತ್ರವೆಂದು ಆ ಅಧ್ಯಯನ ಹೇಳುವುದಿಲ್ಲ. ಹಾಗೆ ಹೇಳದಿರುವುದರಿಂದಲೇ ಅದಕ್ಕೆ ತೂಕವಿದೆ. ಹೋದವರ ಬಾಯಿಂದಲೇ ಬಂದ ಮಾತು, ಇಲಾಖೆಯ ಹೊರಗಿನವರು ಬರೆದುಕೊಂಡ ಲೆಕ್ಕ ಇವೆರಡೂ ಸೇರಿದ್ದರಿಂದ ಇಲ್ಲಿ ಖ್ಯಾತಿಯೂ ವಿಶ್ವಾಸವೂ ಹೆಚ್ಚುಕಡಿಮೆ ಒಂದೇ ದಾಖಲೆಯಿಂದ ಹುಟ್ಟಿದವು. ಸರ್ಕಾರಿ ಸಂಸ್ಥೆಗಳ ಚರಿತ್ರೆಯಲ್ಲಿ ಇದು ಅಪರೂಪ.

ಕೊನೆಯದಾಗಿ ಭದ್ರಾ ಮೇಲ್ದಂಡೆ ಯೋಜನೆಯನ್ನು ನೋಡಬೇಕು. ತುಂಗೆಯಿಂದ 17.40 ಟಿಎಂಸಿ ನೀರನ್ನು ಭದ್ರೆಗೆ ಎತ್ತಿ, ಭದ್ರೆಯಿಂದ ಒಟ್ಟು 29.90 ಟಿಎಂಸಿಯನ್ನು ಚಿಕ್ಕಮಗಳೂರು, ಚಿತ್ರದುರ್ಗ, ದಾವಣಗೆರೆ, ತುಮಕೂರು ಜಿಲ್ಲೆಗಳ ಬರಪೀಡಿತ ತಾಲ್ಲೂಕುಗಳಿಗೆ ಒಯ್ಯುವುದು ಇದರ ಉದ್ದೇಶ. ಪಂಪ್‌ಹೌಸುಗಳು ತರೀಕೆರೆ ಭಾಗದಲ್ಲಿ, ಸುಮಾರು ಏಳು ಕಿಲೋಮೀಟರಿನ ಸುರಂಗ ಅಜ್ಜಂಪುರದ ಬಳಿ. 2019ರ ಅಕ್ಟೋಬರಿನಲ್ಲಿ ಈ ಮಾರ್ಗವಾಗಿ ವಾಣಿವಿಲಾಸ ಸಾಗರಕ್ಕೆ ಮೊದಲ ಬಾರಿ ನೀರು ಹರಿಯಿತು. 2023ರ ಫೆಬ್ರುವರಿಯಲ್ಲಿ ಕೇಂದ್ರ ಆಯವ್ಯಯದಲ್ಲಿ 5,300 ಕೋಟಿ ರೂಪಾಯಿಗಳ ನೆರವನ್ನು ಘೋಷಿಸಲಾಯಿತು. ಆ ಹಣ ಬಾರದ ವಿಷಯ ಮುಂದಿನ ವರ್ಷಗಳಲ್ಲಿ ರಾಜ್ಯ ಮತ್ತು ಕೇಂದ್ರಗಳ ನಡುವಣ ಜಗಳವಾಗಿ ಮುಖಪುಟದಲ್ಲಿ ನಡೆಯಿತು. ಆದರೆ ಚಿತ್ರದುರ್ಗ ಶಾಖಾ ಕಾಲುವೆಯನ್ನು ಹಲವು ವರ್ಷ ತಡೆದದ್ದು ಮುಖಪುಟದ ವಿಷಯವಲ್ಲ: ಅಜ್ಜಂಪುರ ತಾಲ್ಲೂಕಿನ ಅಬ್ಬಿನಹೊಳಲು ಬಳಿಯ ಎರಡು ಕಿಲೋಮೀಟರಿಗೂ ಕಡಿಮೆ ಉದ್ದದ ಭೂಮಿ, ಮತ್ತು ಅದಕ್ಕೆ ಕೊಡಬೇಕಾದ ಪರಿಹಾರದ ವ್ಯಾಜ್ಯ.

ಕನ್ನಡ ದಿನಪತ್ರಿಕೆಗಳ ಜಿಲ್ಲಾ ಆವೃತ್ತಿ ಪದ್ಧತಿ ಇಲ್ಲಿ ಒಂದು ವಿಚಿತ್ರ ಪರಿಣಾಮವನ್ನು ಉಂಟುಮಾಡುತ್ತದೆ. ಅಬ್ಬಿನಹೊಳಲಿನ ರೈತನ ಮಾತು ಅಚ್ಚಾಗುವುದು ಚಿಕ್ಕಮಗಳೂರು ಪುಟದಲ್ಲಿ. ನೀರಿಗೆ ಕಾಯುವ ಹೊಸದುರ್ಗ, ಹೊಳಲ್ಕೆರೆಯ ರೈತನ ಮಾತು ಚಿತ್ರದುರ್ಗ ಪುಟದಲ್ಲಿ. ಒಬ್ಬರ ಪುಟವನ್ನು ಇನ್ನೊಬ್ಬರು ಓದುವುದಿಲ್ಲ. ಒಂದು ಕಡೆ ಪರಿಹಾರ ಕೊಡದ ನಿಗಮ, ಇನ್ನೊಂದು ಕಡೆ ನೀರು ತಡೆದ ಗ್ರಾಮ. ಎರಡೂ ಪುಟಗಳನ್ನು ಒಟ್ಟಿಗೆ ಕಾಣಬಲ್ಲ ಏಕೈಕ ಸಂಸ್ಥೆಯೆಂದರೆ ಯೋಜನೆಯನ್ನು ನಡೆಸುವ ವಿಶ್ವೇಶ್ವರಯ್ಯ ಜಲ ನಿಗಮವೇ. ನಿಗಮದ ಸುದ್ದಿ ಹೊರಡುವುದು ಸಚಿವರ ಹೇಳಿಕೆಯಾಗಿ ಬೆಂಗಳೂರಿನಿಂದ. ವಾರ್ತಾ ಇಲಾಖೆಯ ಕಚೇರಿ ಇರುವುದು ಜಿಲ್ಲಾ ಕೇಂದ್ರದಲ್ಲಿ. 2017–18ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಅಜ್ಜಂಪುರವೂ ಒಂದು. ತಹಶೀಲ್ದಾರರ ಕಚೇರಿ ಅಲ್ಲಿಗೆ ಬಂದಿತು, ಸುದ್ದಿಯ ವ್ಯವಸ್ಥೆ ಬರಲಿಲ್ಲ. ತಾಲ್ಲೂಕಿನ ಅರೆಕಾಲಿಕ ವರದಿಗಾರ, ಸುದ್ದಿಯ ಜೊತೆಗೆ ಜಾಹೀರಾತನ್ನೂ ತರಬೇಕಾದ ಸ್ಥಿತಿಯಲ್ಲಿರುವವನು, ಸ್ಥಳದಲ್ಲಿ ಎಂಜಿನಿಯರನನ್ನು ಕೇಳಿದರೆ 'ಮೇಲಿನವರನ್ನು ಕೇಳಿ' ಎಂಬ ಉತ್ತರ ಬರುತ್ತದೆ. ಹೀಗಾಗಿ ಅವನ ವರದಿಯಲ್ಲಿ ಪ್ರತಿಭಟನೆ ಇರುತ್ತದೆ, ಪರಿಹಾರದ ಲೆಕ್ಕ ಇರುವುದಿಲ್ಲ.

ಈ ಕೊರತೆಗೆ ಹೊಸ ಶಾಸ್ತ್ರವೇನೂ ಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಅಧಿನಿಯಮದ 4ನೆಯ ಪ್ರಕರಣವು, ಜನರನ್ನು ಬಾಧಿಸುವ ತೀರ್ಮಾನಗಳನ್ನು ಪ್ರಕಟಿಸುವಾಗ ಸಂಬಂಧಪಟ್ಟ ಎಲ್ಲ ಸಂಗತಿಗಳನ್ನು ಯಾರೂ ಕೇಳದೆಯೇ ಹೊರಗಿಡಬೇಕೆಂದೂ, ಬಾಧಿತರಿಗೆ ಕಾರಣಗಳನ್ನು ತಿಳಿಸಬೇಕೆಂದೂ, ಹಾಗೆ ತಿಳಿಸುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕೆಂದೂ ವಿಧಿಸುತ್ತದೆ. ಐವಿ ಲೀ 1906ರಲ್ಲಿ ಸಂಪಾದಕರಿಗೆ ಕೊಟ್ಟ ವಚನ ಇಲ್ಲಿ ಸರ್ಕಾರಿ ಸಂಸ್ಥೆಯ ಮೇಲಿನ ಕಾನೂನುಬದ್ಧ ಹೊಣೆಯಾಗಿದೆ. ಅಬ್ಬಿನಹೊಳಲಿನಂಥ ಪ್ರಕರಣಕ್ಕೆ ಅನ್ವಯಿಸಿದರೆ ಅದು ಒಂದು ಹಾಳೆಯ ಕೆಲಸ: ಸರ್ವೆ ನಂಬರು, ಭೂಮಿಯ ವರ್ಗೀಕರಣ, ದರ ನಿಗದಿಯ ಆಧಾರ, ಹಣ ಸಂದಾಯವಾದ ದಿನಾಂಕ. ಗ್ರಾಮ ಪಂಚಾಯಿತಿಯ ಫಲಕದಲ್ಲಿ ಆ ಹಾಳೆಯ ಒಂದು ಪ್ರತಿ, ಅಜ್ಜಂಪುರದ ವರದಿಗಾರನಿಗೆ ಒಂದು, ಚಿತ್ರದುರ್ಗದ ವರದಿಗಾರನಿಗೂ ಅದೇ ದಿನ ಇನ್ನೊಂದು.